ಧೂಮಕೇತುವಿನ ಧೂಳು, ಬೆಳಕು ಹೇಳೋ ಲೆಕ್ಕ

ಧೂಮಕೇತು ಬಂತು ಅಂದ್ರೆ ಎಲ್ಲಾರೂ ಬಾಲದ ಫೋಟೋ ಹುಡುಕ್ತಾರೆ, 2024ರ ಅಕ್ಟೋಬರ್‌ನಲ್ಲಿ ಸುಚಿನ್‌ಶಾನ್-ಅಟ್ಲಾಸ್ ಬಂದಾಗ ನಮ್ಮ ಚಿತ್ರದುರ್ಗದ ವಾಟ್ಸಾಪ್ ಗ್ರೂಪ್‌ಗಳಲ್ಲೂ ಅದೇ ಮಾತು. ನಂಗೆ ಮಾತ್ರ ಆ ಬಾಲದಾಗಿರೋ ಧೂಳಿನ ಮೇಲೆ ಕಣ್ಣು. ಅದು ಗಟ್ಟಿ ಕಾಳಾ, ಇಲ್ಲ ಅರಳೆ ತರ ಹಗುರಕ್ಕೆ ಅಂಟ್ಕೊಂಡಿರೋ ಗಂಟಾ ಅನ್ನೋದನ್ನ ಕೋಟಿಗಟ್ಟಲೆ ಕಿಲೋಮೀಟರ್ ದೂರದಿಂದ ಬರೀ ಬೆಳಕು ಅಳೆದೇ ಅಂದಾಜು ಮಾಡಬಹುದು, ನಂಗೆ ಇದಕ್ಕಿಂತ ಚಂದದ ಭೌತಶಾಸ್ತ್ರ ಗೊತ್ತಿಲ್ಲ.

ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ರೆ ಬೆಳಗ್ಗೆ ಬಿಸಿಲು ಏರೋಕೆ ಮುಂಚೆ ಜೋಗಿಮಟ್ಟಿ ಬೆಟ್ಟ ಹತ್ರಿ. ಸೂರ್ಯನ್ನ ನೋಡಬೇಡ್ರಿ, ನೆತ್ತಿ ಮೇಲಿನ ನೀಲಿ ಆಕಾಶನ ಆ ಗಾಜಲ್ಲಿ ನೋಡ್ತಾ ಗಾಜನ್ನ ನಿಧಾನಕ್ಕೆ ತಿರುಗಿಸ್ರಿ. ಒಂದು ಕಡೆ ಆಕಾಶ ಗಾಢ ಆಗ್ತೈತೆ, ಇನ್ನೊಂದು ಕಾಲು ಸುತ್ತು ತಿರುಗಿಸಿದ್ರೆ ತಿಳಿ ಆಗ್ತೈತೆ. ಗಾಳಿಯ ಕಣಕ್ಕೆ ತಾಗಿ ಚದುರಿದ ಬೆಳಕಿನ ಅಲೆ ಒಂದು ದಿಕ್ಕಲ್ಲಿ ಜಾಸ್ತಿ ಆಡೋದ್ರಿಂದ ಹಂಗೆ, ಇದೇ ಧ್ರುವೀಕರಣ, ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಇದು ಜೋರು.

ಧೂಮಕೇತುವಿನ ಧೂಳೂ ಸೂರ್ಯನ ಬೆಳಕನ್ನ ಹಿಂಗೇ ಚದುರಿಸ್ತೈತೆ. ಫ್ರಾನ್ಸಿನ ವಿಜ್ಞಾನಿ ಅರಾಗೋ 1819ರಲ್ಲೇ ಇದನ್ನ ಕಂಡ್ಕೊಂಡಿದ್ದ. ಈಗ ದುರ್ಬೀನಿಗೆ ಬರೋ ಬೆಳಕಿನ ದಾರಿಯಲ್ಲಿ ಆ ಕೂಲಿಂಗ್ ಗ್ಲಾಸ್ ತರದ್ದೇ ಫಿಲ್ಟರ್‌ನ ಬೇರೆ ಬೇರೆ ಕೋನಕ್ಕೆ ತಿರುಗಿಸಿ ಹೊಳಪು ಅಳೆದು, ವ್ಯತ್ಯಾಸನ ಪರ್ಸೆಂಟ್‌ನಲ್ಲಿ ಹೇಳ್ತಾರೆ. ಧೂಮಕೇತುವಿನ ಅನಿಲಕ್ಕೂ ತನ್ನದೇ ಹೊಳಪು ಇರೋದ್ರಿಂದ ಅದು ಸೇರದ ಹಾಗೆ ಸಣ್ಣ ಪಟ್ಟಿಯ, ಅಂದ್ರೆ ಆಯ್ದ ಬಣ್ಣದ ಬೆಳಕನ್ನಷ್ಟೇ ಬಿಡೋ, ಇನ್ನೊಂದು ಫಿಲ್ಟರ್ ಆರಿಸಬೇಕು, ಇದನ್ನ ಬಿಟ್ರೆ ಧೂಳಿನ ಲೆಕ್ಕನೇ ಕೆಡ್ತೈತೆ.

ಅಸಲಿ ಮಜಾ ಕೋನದಲ್ಲೈತೆ. ಸೂರ್ಯ, ಧೂಮಕೇತು, ಭೂಮಿ ಮೂರರ ನಡುವೆ ಧೂಮಕೇತುವಿನ ಹತ್ರ ಆಗೋ ಕೋನ, ಅಂದ್ರೆ ಫೇಸ್ ಆಂಗಲ್, 90 ಡಿಗ್ರಿ ಆಸುಪಾಸು ಇದ್ದಾಗ ಧ್ರುವೀಕರಣ ಕೆಲವು ಧೂಮಕೇತುಗಳಲ್ಲಿ 10-15 ಪರ್ಸೆಂಟ್, ಇನ್ನು ಕೆಲವುದರಲ್ಲಿ 25ರ ಮೇಲೆ. ಕೋನ ಇಳೀತಾ ಹೋದಂಗೆ ಕಮ್ಮಿ ಆಗಿ, ಸುಮಾರು 22 ಡಿಗ್ರಿಯಲ್ಲಿ ಸೊನ್ನೆ ದಾಟಿ ಮೈನಸ್‌ಗೆ ಹೋಗ್ತೈತೆ! ಅಂದ್ರೆ ಬೆಳಕು ಆ ಮೂರೂ ಇರೋ ಸಮತಲಕ್ಕೆ ಅಡ್ಡವಾಗಿ ಆಡೋದು ಬಿಟ್ಟು ಅದೇ ಸಮತಲದಲ್ಲಿ ಆಡ್ತೈತೆ. ಬರೀ ಒಂಟಿ ಸಣ್ಣ ಕಣಗಳಿಂದ ಹಿಂಗಾಗಲ್ಲ, ಮೈಕ್ರಾನ್ ಅಳತೆಯ ಕಾಳುಗಳು ಗುಂಪಾಗಿ ಅಂಟ್ಕೊಂಡು ಬೆಳಕು ಒಳಗೊಳಗೇ ಓಡಾಡಬೇಕು. ಯುರೋಪಿನ ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಹತ್ರ ಹೋಗಿ ಧೂಳು ಹಿಡಿದಾಗ ಸಿಕ್ಕಿದ್ದೂ ಇಂಥ ಗಂಟುಗಳೇ.

1997ರಲ್ಲಿ ಬರಿಗಣ್ಣಿಗೇ ಕಂಡ ಹೇಲ್-ಬಾಪ್‌ದು ಬೇರೆಲ್ಲದಕ್ಕಿಂತ ಜಾಸ್ತಿ ಧ್ರುವೀಕರಣ, ಬೇರೆ ನಕ್ಷತ್ರದ ಕಡೆಯಿಂದ ಬಂದ ಬೊರಿಸೋವ್‌ದೂ ಹೇಲ್-ಬಾಪ್ ತರನೇ. 2025ರ 3ಐ ಅಟ್ಲಾಸ್ (ಇದೂ ಬೇರೆ ನಕ್ಷತ್ರದ ಕಡೆಯದೇ) ಅಂತೂ 7 ಡಿಗ್ರಿಯಲ್ಲೇ ಮೈನಸ್ 2.7 ಪರ್ಸೆಂಟ್ ತೋರಿಸ್ತು, ಮಾಮೂಲಿ ಧೂಮಕೇತು ಮೈನಸ್ 2ರ ಆಚೆ ಹೋಗೋದೇ ಅಪರೂಪ.

ಇದಕ್ಕೆಲ್ಲ ಭಾರಿ ದುರ್ಬೀನೇ ಬೇಕು ಅಂತಿಲ್ಲ, ಪುಣೆ ಹತ್ರದ ಗಿರಾವಳಿಯ 2 ಮೀಟರ್ ದುರ್ಬೀನಿನಿಂದಲೂ ಧೂಮಕೇತುಗಳ ಧ್ರುವೀಕರಣ ಅಳೆದಿದ್ದಾರೆ. ದುರ್ಗದಿಂದ ಪುಣೆಗೆ ಒಂದು ರಾತ್ರಿ ಬಸ್ಸು. ಬಿಎಸ್ಸಿ ಫಿಸಿಕ್ಸ್ ಓದ್ತಿರೋ ದುರ್ಗ, ದಾವಣಗೆರೆ ಹುಡುಗ್ರು ಹುಡುಗೀರು ಇದನ್ನ ಪ್ರಾಜೆಕ್ಟ್‌ಗೆ ತಗೋಳ್ರಿ, ಮೊದಲು ಆಕಾಶದ ನೀಲಿನ ಅಳೀರಿ, ಆಮೇಲೆ ಚಂದ್ರನ್ನ ಬೇರೆ ಬೇರೆ ತಿಥಿಯಲ್ಲಿ ಅಳೆದು ನೋಡ್ರಿ, ಅಲ್ಲೂ ಹುಣ್ಣಿಮೆ ಆಸುಪಾಸು ಇದೇ ಮೈನಸ್ ಸಿಗ್ತೈತೆ.