ಮೈನಸ್ ಐದನ್ನು ನಂಬಿ ನಾನು ಕೊಟ್ಟ ಸ್ಲೀಪಿಂಗ್ ಬ್ಯಾಗ್

ಬೆಂಗಳೂರಿನಲ್ಲಿ ಚಾರಣದ ಸಾಮಾನುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಉಗ್ರಾಣದ ಹೊಣೆ ನನ್ನದು. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷಗಳಾದವು. ಬೂಟು, ರಕ್‌ಸ್ಯಾಕುಗಳನ್ನು ಗ್ರಾಹಕರು ತಾವೇ ಹಾಕಿಕೊಂಡು, ಹೊತ್ತು ನೋಡಿ ನಿರ್ಧರಿಸುತ್ತಾರೆ. ಸ್ಲೀಪಿಂಗ್ ಬ್ಯಾಗಿನ ವಿಷಯದಲ್ಲಿ ಮಾತ್ರ ಹಾಗಾಗುವುದಿಲ್ಲ, ಏಕೆಂದರೆ ಇಪ್ಪತ್ತೈದು ಡಿಗ್ರಿಯ ಅಂಗಡಿಯೊಳಗೆ ಯಾವ ಬ್ಯಾಗಿನಲ್ಲಿ ಕಾಲಿಟ್ಟರೂ ಬೆಚ್ಚಗೇ ಇರುತ್ತದೆ. ಆದ್ದರಿಂದ ಅವರು ನನ್ನ ಮಾತನ್ನು ನಂಬುತ್ತಾರೆ. ಆ ನಂಬಿಕೆಯನ್ನು ನಾನು ಒಮ್ಮೆ ಉಳಿಸಿಕೊಳ್ಳಲಿಲ್ಲ. ಹಗುರವಾದ ಡೌನ್ ಬ್ಯಾಗನ್ನು, ಅಂದರೆ ಹಕ್ಕಿಯ ತುಪ್ಪುಳು ತುಂಬಿದ ಬ್ಯಾಗನ್ನು, ಹೇಗೆ ಆರಿಸಬೇಕೆಂದು ನಾನು ನಿಜವಾಗಿ ಕಲಿತದ್ದು ಆಮೇಲೆಯೇ.

ಒಂದು ಡಿಸೆಂಬರಿನಲ್ಲಿ ಮೈಸೂರಿನ ಶಿಕ್ಷಕಿಯೊಬ್ಬರು ತಮ್ಮನೊಡನೆ ಬಂದು ಕೇದಾರಕಂಠ ಚಾರಣಕ್ಕೆ ಎರಡು ಬ್ಯಾಗು ಕೇಳಿದರು. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಎಂಬ ಹಳ್ಳಿಯಿಂದ ಹೊರಡುವ ಈ ಹಾದಿ ಸುಮಾರು 12,500 ಅಡಿ ಎತ್ತರದ ಶಿಖರಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಹಿಮದ ಮೇಲೆಯೇ ಟೆಂಟು ಹಾಕಬೇಕಾಗುತ್ತದೆ. ಅಲ್ಲಿ ಅನೇಕ ತಂಡಗಳ ಸಾಮಾನನ್ನು ಹೇಸರಗತ್ತೆಗಳು ಹೊರುತ್ತವೆ, ಆದರೆ ಇವರ ಸಣ್ಣ ತಂಡ ಎಲ್ಲವನ್ನೂ ತಾವೇ ಹೊತ್ತು ನಡೆಯುವುದೆಂದು ನಿಶ್ಚಯಿಸಿತ್ತು. ಹಾಗಾಗಿ ತೂಕ ಕಡಿಮೆಯಿರಲಿ ಎಂಬುದೊಂದೇ ಅವರ ಕೋರಿಕೆಯಾಗಿತ್ತು. ನಮ್ಮಲ್ಲಿದ್ದ ಸಿಂಥೆಟಿಕ್ ಬ್ಯಾಗು 1.7 ಕಿಲೋ ತೂಗುತ್ತಿತ್ತು, ಡೌನ್ ಬ್ಯಾಗು 850 ಗ್ರಾಂ. ಡೌನ್ ಬ್ಯಾಗಿನ ಹೊರಚೀಲದ ಮೇಲೆ ದಪ್ಪ ಅಕ್ಷರಗಳಲ್ಲಿ ಮೈನಸ್ 5 ಎಂದು ಅಚ್ಚಾಗಿತ್ತು. "ಮೈನಸ್ ಐದರವರೆಗೆ ಯೋಚನೆಯೇ ಬೇಡ ಮೇಡಂ" ಎಂದು ಹೇಳಿ ಇಬ್ಬರಿಗೂ ಅದೇ ಮಾದರಿಯ ಬ್ಯಾಗುಗಳನ್ನು ಕೊಟ್ಟೆ.

ಹಿಂತಿರುಗಿಸಲು ಬಂದಾಗ ಅವರು ದೂರು ಹೇಳಲಿಲ್ಲ. ಹೇಗಿತ್ತೆಂದು ನಾನೇ ಕೇಳಿದ್ದಕ್ಕೆ, "ಬ್ಯಾಗ್ ಚೆನ್ನಾಗಿಯೇ ಇತ್ತು ಸರ್, ತಮ್ಮ ಹಾಯಾಗಿ ನಿದ್ದೆ ಮಾಡಿದ. ನನ್ನ ಮೈಯೇ ಹಾಗೆ, ಚಳಿ ತಡೆಯುವುದಿಲ್ಲ" ಎಂದರು. ಮತ್ತೆ ಮತ್ತೆ ವಿಚಾರಿಸಿದ ಮೇಲೆ, ಎರಡು ರಾತ್ರಿ ಜಾಕೆಟ್ಟು, ಎರಡು ಪ್ಯಾಂಟು, ಕೈಗವಸು ಎಲ್ಲವನ್ನೂ ಹಾಕಿಕೊಂಡು ಬೆಳಕು ಹರಿಯುವವರೆಗೆ ಕುಳಿತೇ ಇದ್ದರೆಂದು ತಿಳಿಯಿತು. ಗೈಡಿನ ಥರ್ಮಾಮೀಟರು ತೋರಿಸಿದ್ದು ಮೈನಸ್ 4. ಅಂದರೆ ನಾನು ಹೇಳಿದ ಮಿತಿಯೊಳಗೇ ಅವರು ನಡುಗಿದ್ದರು. ಅವರು ನನ್ನ ಮೇಲೆ ಸಿಟ್ಟಾಗಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ನನ್ನ ತಪ್ಪಿಗೆ ತಮ್ಮ ಮೈಯನ್ನೇ ದೂರಿಕೊಂಡದ್ದು ಮನಸ್ಸಿನಿಂದ ಹೋಗಲಿಲ್ಲ.

ಅಂದು ಸಂಜೆ ಆ ಬ್ಯಾಗನ್ನು ತಿರುವಿ, ಒಳಗೆ ಜಿಪ್ಪಿನ ಬಳಿ ಹೊಲಿದಿದ್ದ ಸಣ್ಣ ಪಟ್ಟಿಯನ್ನು ಮೊದಲ ಬಾರಿಗೆ ಗಮನವಿಟ್ಟು ಓದಿದೆ. ಅಲ್ಲಿ ಮೂರು ಸಂಖ್ಯೆಗಳಿದ್ದವು: ಕಂಫರ್ಟ್ 1, ಲಿಮಿಟ್ ಮೈನಸ್ 5, ಎಕ್ಸ್‌ಟ್ರೀಮ್ ಮೈನಸ್ 21. ಯುರೋಪಿನಲ್ಲಿ 2002ರಲ್ಲಿ ಬಂದ ಇಎನ್ 13537 ಎಂಬ ಮಾನದಂಡವೂ 2016ರಲ್ಲಿ ಅದರ ಜಾಗಕ್ಕೆ ಬಂದ ಐಎಸ್‌ಒ 23537 ಕೂಡ ಈ ಸಂಖ್ಯೆಗಳನ್ನು ಒಂದೇ ಬಗೆಯಲ್ಲಿ ಕಟ್ಟುತ್ತವೆ. ಸೆನ್ಸರುಗಳಿರುವ, ಒಳಗಿನಿಂದ ಕಾಯಿಸಿದ ಮಾನವಾಕೃತಿಯೊಂದಕ್ಕೆ ತೆಳುವಾದ ಒಳ ಉಡುಪು ತೊಡಿಸಿ, ಮ್ಯಾಟಿನ ಮೇಲೆ ಬ್ಯಾಗಿನೊಳಗೆ ಮಲಗಿಸಿ, ತಣ್ಣಗಿನ ಕೋಣೆಯಲ್ಲಿ ಅದು ಕಳೆದುಕೊಳ್ಳುವ ಶಾಖವನ್ನು ಅಳೆಯುತ್ತಾರೆ, ಉಳಿದದ್ದು ಲೆಕ್ಕ. ಕಂಫರ್ಟ್ ಎಂಬುದು ಸುಮಾರು 60 ಕಿಲೋ ತೂಕದ, 1.60 ಮೀಟರ್ ಎತ್ತರದ ಹೆಣ್ಣುಮಗಳೊಬ್ಬಳು ಮೈ ಸಡಿಲಿಸಿ ಮಲಗಿ ಚಳಿಯೆನ್ನದೆ ರಾತ್ರಿ ಕಳೆಯಬಲ್ಲ ಉಷ್ಣಾಂಶ. ಲಿಮಿಟ್ ಎಂಬುದು ಸುಮಾರು 73 ಕಿಲೋ ತೂಕದ, 1.73 ಮೀಟರ್ ಎತ್ತರದ ಗಂಡಸು ಮೈ ಮುದುಡಿಕೊಂಡು, ಇನ್ನೇನು ನಡುಕ ಶುರುವಾಗಬೇಕು ಎನ್ನುವ ಅಂಚಿನಲ್ಲಿ ಮಲಗುವ ಉಷ್ಣಾಂಶ. ಎಕ್ಸ್‌ಟ್ರೀಮ್ ಎಂಬುದು ನಿದ್ದೆಯ ಲೆಕ್ಕವೇ ಅಲ್ಲ. ಅಲ್ಲಿ ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯುವ ಸಾಧ್ಯತೆಯಿದೆ. ಹೊರಚೀಲದ ಮೇಲೆ ದೊಡ್ಡದಾಗಿ ಅಚ್ಚಾಗಿದ್ದುದು ಎರಡನೆಯ ಸಂಖ್ಯೆ. ಆ ಶಿಕ್ಷಕಿ 50 ಕಿಲೋಗೂ ಕಡಿಮೆ ತೂಕದವರು. ಅವರಿಗೆ ನಾನು ಹೇಳಬೇಕಾಗಿದ್ದುದು ಒಂದು ಡಿಗ್ರಿ, ಅದೂ ಪ್ಲಸ್ ಒಂದು.

ಅದಿಷ್ಟೇ ಆಗಿದ್ದರೆ ಪಟ್ಟಿ ಓದುವುದನ್ನು ಕಲಿತೆನೆಂದು ಸುಮ್ಮನಾಗಬಹುದಿತ್ತು. ಬ್ಯಾಗನ್ನು ನೆಲದ ಮೇಲೆ ಹಾಸಿ, ಚೆನ್ನಾಗಿ ಕೊಡವಿ, ಒಂದು ಗಂಟೆ ಬಿಟ್ಟು, ಎದೆಯ ಭಾಗದಲ್ಲಿ ಅದು ಎಷ್ಟು ಎತ್ತರಕ್ಕೆ ಉಬ್ಬಿದೆಯೆಂದು ಸ್ಕೇಲು ಹಿಡಿದು ನೋಡಿದೆ. ಅದೇ ಮಾದರಿಯ ಹೊಸ ಬ್ಯಾಗು 12 ಸೆಂಟಿಮೀಟರ್ ಉಬ್ಬುತ್ತಿತ್ತು. ಇದು ಉಬ್ಬಿದ್ದು ಎಂಟು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಪಾದದ ಬಳಿಯ ಎರಡು ಅಂಕಣಗಳಲ್ಲಿ ತುಪ್ಪುಳೆಲ್ಲ ಒಂದು ಮೂಲೆಗೆ ಸರಿದು ಕಪ್ಪು ಗಂಟಾಗಿ, ಉಳಿದ ಜಾಗದಲ್ಲಿ ಬರೀ ಎರಡು ಪದರ ಬಟ್ಟೆ ಕಾಣಿಸಿತು. ಕಾರಣ ಹುಡುಕಬೇಕಾಗಿರಲಿಲ್ಲ. ಜಾಗ ಉಳಿಯಲೆಂದು ಮಳೆಗಾಲವಿಡೀ ಬ್ಯಾಗುಗಳನ್ನೆಲ್ಲ ಅವುಗಳ ಸಣ್ಣ ಚೀಲಗಳಲ್ಲಿ ಒತ್ತಿ ತುಂಬಿ ಕಪಾಟಿನಲ್ಲಿ ಜೋಡಿಸಿದ್ದವನು ನಾನೇ.

ಡೌನ್ ಎಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಎದೆಯ ಮೇಲೆ, ಗರಿಗಳ ಅಡಿಯಲ್ಲಿ ಬೆಳೆಯುವ ದಂಟಿಲ್ಲದ ತುಪ್ಪುಳು. ಅದರ ಒಂದೊಂದು ಎಸಳೂ ಸಾವಿರಾರು ಸೂಕ್ಷ್ಮ ಎಳೆಗಳನ್ನು ಚಾಚಿ ಗಾಳಿಯನ್ನು ಹಿಡಿದಿಡುತ್ತದೆ, ಮತ್ತು ನಮ್ಮನ್ನು ಬೆಚ್ಚಗಿಡುವುದು ಹಾಗೆ ನಿಂತ ಗಾಳಿಯೇ. ನಮ್ಮ ಮನೆಗಳ ಹತ್ತಿ ಹಾಸಿಗೆ ಗಂಟುಗಟ್ಟಿದಾಗ ಪಿಂಜಾರರನ್ನು ಕರೆಸಿ ಹಿಂಜಿಸುತ್ತಿದ್ದೆವು. ಡೌನಿಗೆ ಆ ಉಪಾಯವಿಲ್ಲ. ತಿಂಗಳುಗಟ್ಟಲೆ ಒತ್ತಡದಲ್ಲಿದ್ದು ಎಳೆಗಳು ಮುರಿದರೆ ಮುರಿದಂತೆಯೇ. ಈಗ ನಮ್ಮ ಉಗ್ರಾಣದಲ್ಲಿ ಒಂದೂ ಡೌನ್ ಬ್ಯಾಗು ಸಣ್ಣ ಚೀಲದಲ್ಲಿಲ್ಲ. ಎಲ್ಲವೂ ಬಟ್ಟೆಯ ದೊಡ್ಡ ಚೀಲಗಳಲ್ಲಿ ಸಡಿಲವಾಗಿವೆ.

ಕೊಳ್ಳಲು ಬಯಸುವವರು ನನ್ನನ್ನು ಹೆಚ್ಚಾಗಿ ಕೇಳುವುದು ಫಿಲ್ ಪವರ್ ಎಷ್ಟಿರಬೇಕೆಂದು. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಡೌನ್ ಎಷ್ಟು ಘನ ಅಂಗುಲ ಜಾಗ ತುಂಬುತ್ತದೆ ಎಂಬುದೇ ಆ ಸಂಖ್ಯೆ. 800 ಎಂದಿದ್ದರೆ ಅಷ್ಟೇ ತೂಕದ 550ಕ್ಕಿಂತ ಅದು ಬಹಳ ಹೆಚ್ಚು ಉಬ್ಬುತ್ತದೆ. ಆದರೆ ಇದು ತುಪ್ಪುಳಿನ ಗುಣವೇ ಹೊರತು ಬ್ಯಾಗಿನ ಬಿಸುಪಲ್ಲ. ಬ್ಯಾಗಿನೊಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನು ಅದರೊಂದಿಗೆ ಸೇರಿಸಿ ನೋಡಲೇಬೇಕು. 650ರ ಡೌನ್ 400 ಗ್ರಾಂ ತುಂಬಿದರೆ ಸುಮಾರು 150 ಲೀಟರ್ ಗಾಳಿ ಹಿಡಿಯುತ್ತದೆ; 850ರದ್ದು 300 ಗ್ರಾಂ ತುಂಬಿದರೆ ಸುಮಾರು 147 ಲೀಟರ್. ಬಿಸುಪು ಹೆಚ್ಚುಕಡಿಮೆ ಒಂದೇ, ಉಳಿಯುವುದು ನೂರು ಗ್ರಾಂ, ಬೆಲೆ ಮಾತ್ರ ಬಹಳ ಮೇಲೆ. ವರ್ಷಕ್ಕೆ ಒಂದು ಚಾರಣ ಮಾಡುವವರಿಗೆ ಆ ನೂರು ಗ್ರಾಂಗೆ ಹಣ ಸುರಿಯಬೇಡಿರೆಂದು ನಾನು ನೇರವಾಗಿ ಹೇಳುತ್ತೇನೆ. ಹದಿನೈದು ದಿನ ತಮ್ಮ ಅನ್ನ, ಟೆಂಟು, ಸ್ಟವ್ ಎಲ್ಲವನ್ನೂ ತಾವೇ ಹೊರುವವರ ಮಾತು ಬೇರೆ.

ಹೊಲಿಗೆಯನ್ನೂ ನೋಡಬೇಕು. ಮೇಲಿನ ಮತ್ತು ಒಳಗಿನ ಬಟ್ಟೆಯನ್ನು ನೇರವಾಗಿ ಸೇರಿಸಿ ಹೊಲಿದಿದ್ದರೆ ಪ್ರತಿ ಹೊಲಿಗೆಯ ಗೆರೆಯಲ್ಲೂ ತುಪ್ಪುಳಿಲ್ಲದ ಜಾಗವಿರುತ್ತದೆ, ಅಲ್ಲಿಂದ ಚಳಿ ಇಳಿಯುತ್ತದೆ. ನಡುವೆ ಜಾಲರಿಯ ಗೋಡೆ ಕಟ್ಟಿ ಅಂಕಣ ಮಾಡಿದ ಬ್ಯಾಗು ಹಿಮದ ರಾತ್ರಿಗೆ ತಕ್ಕದ್ದು. ಕುತ್ತಿಗೆಯ ಸುತ್ತ ತುಪ್ಪುಳು ತುಂಬಿದ ಪಟ್ಟಿ ಮತ್ತು ಜಿಪ್ಪಿನ ಉದ್ದಕ್ಕೂ ಒಳಗೆ ತುಪ್ಪುಳು ತುಂಬಿದ ಕೊಳವೆ ಇರಲೇಬೇಕು. ಬ್ಯಾಗು ಮೈಗಿಂತ ತೀರಾ ಉದ್ದವಾಗಿದ್ದರೆ ಖಾಲಿ ಜಾಗವನ್ನೂ ನಮ್ಮ ಮೈಯೇ ಕಾಯಿಸಬೇಕಾಗುತ್ತದೆ, ತೀರಾ ಬಿಗಿಯಾಗಿದ್ದರೆ ತುಪ್ಪುಳು ಒಳಗಿನಿಂದಲೇ ಅಮುಕಿ ಹೋಗುತ್ತದೆ.

ಗ್ರಾಹಕರು ಮರೆಯುವ, ನಾನೂ ಅಂದು ಮರೆತಿದ್ದ ಇನ್ನೊಂದು ವಸ್ತು ಮ್ಯಾಟು. ಮೈಯ ಭಾರಕ್ಕೆ ಬೆನ್ನಿನ ಕೆಳಗಿನ ಡೌನ್ ಪೂರ್ತಿ ಚಪ್ಪಟೆಯಾಗುವುದರಿಂದ ನೆಲದ ಚಳಿಯನ್ನು ತಡೆಯುವುದು ಮ್ಯಾಟು ಮಾತ್ರ. ಅದರ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಸಾಧಾರಣ ಫೋಮ್ ಮ್ಯಾಟಿಗೆ ಅದು ಎರಡರ ಆಸುಪಾಸು. ಹಿಮದ ಮೇಲೆ ಮಲಗಲು ನಾಲ್ಕಕ್ಕಿಂತ ಹೆಚ್ಚು ಬೇಕು. ಒಂದರ ಮೇಲೊಂದು ಹಾಸಿದರೆ ಸಂಖ್ಯೆಗಳು ಕೂಡಿಕೊಳ್ಳುತ್ತವೆ. ಶಿಕ್ಷಕಿಗೆ ನಾನು ಕೊಟ್ಟಿದ್ದುದು ಒಂದೇ ತೆಳು ಮ್ಯಾಟು.

ಡೌನಿನ ದೊಡ್ಡ ಶತ್ರು ತೇವ. ನೆನೆದ ತುಪ್ಪುಳು ಉಬ್ಬುವುದಿಲ್ಲ, ಉಬ್ಬದ ತುಪ್ಪುಳು ಬೆಚ್ಚಗಿಡುವುದಿಲ್ಲ. ಮುಖವನ್ನು ಬ್ಯಾಗಿನೊಳಗೆ ಎಳೆದುಕೊಂಡು ಉಸಿರಾಡಿದರೂ ಸಾಕು, ಎರಡು ಮೂರು ರಾತ್ರಿಗಳಲ್ಲಿ ಕುತ್ತಿಗೆಯ ಭಾಗ ಒದ್ದೆಯಾಗುತ್ತದೆ. ಬೆಳಗ್ಗೆ ಬಿಸಿಲು ಬಿದ್ದೊಡನೆ ಟೆಂಟಿನ ಮೇಲೆ ಹರವಬೇಕು. ನೀರು ಹೀರದಂತೆ ಸಂಸ್ಕರಿಸಿದ ಡೌನ್ ತೇವವನ್ನು ಸ್ವಲ್ಪ ಹೊತ್ತು ತಡೆಯುತ್ತದೆ ಅಷ್ಟೇ. ಈ ಕಾರಣಕ್ಕೇ ಮಳೆಗಾಲದಲ್ಲಿ ಕೊಡಚಾದ್ರಿ, ಕುದುರೆಮುಖದ ಕಡೆ ಹೋಗಿ ಹೋಂಸ್ಟೇಗಳಲ್ಲಿ ಮಲಗುವವರು ಕೇಳಿದರೂ ನಾನು ಡೌನ್ ಬ್ಯಾಗು ಕೊಡುವುದಿಲ್ಲ. ಅಲ್ಲಿಗೆ ತೆಳುವಾದ ಸಿಂಥೆಟಿಕ್ ಬ್ಯಾಗೇ ಸರಿ.

ಆ ಬ್ಯಾಗನ್ನು ನಾನೇ ತೊಳೆದೆ. ಡೌನಿಗೆಂದೇ ಇರುವ ಸೋಪಿನಲ್ಲಿ ಅದ್ದಿ ಮೆಲ್ಲಗೆ ಒತ್ತಿದಾಗ ಬೂದುಬಣ್ಣದ ನೀರು ಮೂರು ಬಾರಿ ಬಂತು. ಒದ್ದೆ ತುಪ್ಪುಳಿನ ಭಾರಕ್ಕೆ ಒಳಗಿನ ಜಾಲರಿ ಹರಿಯುವುದರಿಂದ ಒಂದು ತುದಿ ಹಿಡಿದು ಎತ್ತುವಂತಿಲ್ಲ, ಹಸುಗೂಸನ್ನು ನೀರಿನಿಂದ ತೆಗೆದಂತೆ ಎರಡೂ ಕೈ ಅಡಿಗೆ ಕೊಟ್ಟು ತೆಗೆಯಬೇಕು. ಡ್ರೈಯರಿನ ಕಡಿಮೆ ಶಾಖದಲ್ಲಿ ಮೂರು ಟೆನ್ನಿಸ್ ಚೆಂಡುಗಳೊಡನೆ ನಾಲ್ಕು ಗಂಟೆ ತಿರುಗಿಸಿದ ಮೇಲೆ, ಬೆರಳಲ್ಲಿ ಒಂದೊಂದೇ ಗಂಟನ್ನು ಬಿಡಿಸುತ್ತಾ ಹೋದೆ. ಉಬ್ಬು ಎಂಟರಿಂದ ಹತ್ತಕ್ಕೆ ಬಂತು, ಹನ್ನೆರಡಕ್ಕೆ ಮರಳಲಿಲ್ಲ. ಇಂದು ಅದನ್ನು ಹತ್ತು ಡಿಗ್ರಿಯ ರಾತ್ರಿಗಳಿಗೆ ಮಾತ್ರ ಕೊಡುತ್ತೇವೆ.

ಬಾಡಿಗೆ ಅರ್ಜಿಯಲ್ಲಿ ಈಗ ಎತ್ತರ, ತೂಕ, ಮನೆಯಲ್ಲಿ ಫ್ಯಾನ್ ಹಾಕಿ ಮಲಗುವಾಗ ಹೊದಿಕೆ ಬೇಕೇ, ಮ್ಯಾಟು ಯಾವುದು ಎಂಬ ಪ್ರಶ್ನೆಗಳಿವೆ. ಬ್ಯಾಗಿನ ಉಬ್ಬನ್ನು ಕೊಡುವ ಮುನ್ನವೂ ಬಂದ ಮೇಲೂ ಅಳೆದು ಬರೆಯುತ್ತೇವೆ. ಮರುವರ್ಷ ಅದೇ ಶಿಕ್ಷಕಿ ಮತ್ತೊಂದು ಚಳಿಗಾಲದ ಚಾರಣಕ್ಕೆ ಬಂದಾಗ, ಹಿಂದಿನ ತಪ್ಪು ಅವರ ಮೈಯದಲ್ಲ, ನನ್ನದೆಂದು ಪಟ್ಟಿ ತೋರಿಸಿ ವಿವರಿಸಿದೆ. ಕಂಫರ್ಟ್ ಮೈನಸ್ 7 ಇರುವ, 1.1 ಕಿಲೋ ತೂಗುವ ಬ್ಯಾಗನ್ನೂ ಎರಡು ಮ್ಯಾಟುಗಳನ್ನೂ ಮುಂದಿಟ್ಟೆ. ತೂಕ ಹೆಚ್ಚಾಯಿತಲ್ಲ ಎಂದು ಒಂದು ಕ್ಷಣ ಯೋಚಿಸಿ, ಹೆಚ್ಚುವರಿ ಜೀನ್ಸ್ ಬಿಟ್ಟು ಹೋಗುವುದಾಗಿ ಹೇಳಿ ತೆಗೆದುಕೊಂಡರು. ಹಿಂತಿರುಗಿಸಲು ಬಂದಾಗ, ಎರಡನೆಯ ರಾತ್ರಿ ಸೆಖೆಯಾಗಿ ಜಿಪ್ಪನ್ನು ಮೊಣಕಾಲಿನವರೆಗೆ ತೆಗೆದಿದ್ದೆ ಎಂದರು. ಬ್ಯಾಗನ್ನು ಒಂದು ದಿನ ಗಾಳಿಗೆ ಹರವಿ, ಅಳೆದು, ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಉಬ್ಬು 15 ಸೆಂಟಿಮೀಟರ್, ಹೋಗುವಾಗ ಇದ್ದಷ್ಟೇ, ಎಂದು ಬರೆದೆ.