ತುಂಗೆ ಭದ್ರೆಯ ಗ್ರಾಫ್

ಮಲೆನಾಡಿನ ನದಿಗಳದ್ದೊಂದು ನಾಲೆಜ್ ಗ್ರಾಫ್ (ಯಾವುದಕ್ಕೆ ಯಾವುದು ಸಂಬಂಧ ಅಂತ ತೋರಿಸುವ ಜಾಲ) ಮಾಡೋಣ ಅಂತ ಸುಮ್ನೆ ಕೂತಿದ್ದೇನೆ. ಶಿವಮೊಗ್ಗದಲ್ಲಿ ಮಳೆ, ಬೇರೆ ಕೆಲಸವೂ ಇಲ್ಲ. ಜೆನ್‌ಸಿಮ್ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಪಾಂಕರೆ ಮಾಡೆಲ್ ಇದೆ, ಮೇಲು-ಕೆಳಗಿನ ಸಂಬಂಧಗಳನ್ನು ಒಂದು ವೃತ್ತದೊಳಗೆ ಬಿಂದುಗಳಾಗಿ ಜೋಡಿಸುವ ವಿಧಾನ ಅದು. ಯಾವ ಹಳ್ಳ ಯಾವ ಹೊಳೆಗೆ ಸೇರುತ್ತದೆ ಅಂತ ಜೋಡಿ ಜೋಡಿಯಾಗಿ ಕೊಟ್ಟರೆ ದೊಡ್ಡ ಹೊಳೆಯನ್ನು ವೃತ್ತದ ನಡುವೆ, ಹಳ್ಳಗಳನ್ನು ಅಂಚಿನ ಕಡೆ ಇಡಲು ನೋಡುತ್ತದೆ. ಅಂಚಿಗೆ ಹೋದಷ್ಟೂ ಜಾಗ ಜಾಸ್ತಿಯಾಗುವ ಜ್ಯಾಮಿತಿ ಅದು, ಎಷ್ಟು ಕವಲಿದ್ದರೂ ಇಕ್ಕಟ್ಟಾಗುವುದಿಲ್ಲ. 2017ರಲ್ಲಿ ನಿಕೆಲ್ ಮತ್ತು ಕೀಲಾ ಎಂಬ ಸಂಶೋಧಕರು ತೋರಿಸಿಕೊಟ್ಟ ವಿದ್ಯೆ.

ಆದರೆ ಮರದ ಹಾಗೆ ಕವಲೊಡೆಯುವುದಕ್ಕೇ ಇದು ಚೆನ್ನ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲೇ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡ್ಲಿಯಲ್ಲಿ ಮತ್ತೆ ಸೇರುತ್ತವೆ. ಅದು ಮರ ಅಲ್ಲ, ಉಂಗುರ! ಶರಾವತಿಯಂತೂ ಇವರ ಸಹವಾಸವೇ ಬೇಡ ಅಂತ ಹೊನ್ನಾವರದ ಕಡೆ ಹೋಗುತ್ತಾಳೆ. ಇನ್ನು ನಮ್ಮ ಕಡೆಯ ನೆಂಟಸ್ತಿಕೆಯನ್ನು ಇಂಥ ಗ್ರಾಫ್‌ಗೆ ಹಾಕಿದರೆ ಕಥೆ ಮುಗೀತು, ಸೋದರತ್ತೆಯೇ ಅತ್ತೆಯಾಗಿರುವ ಮನೆಗಳು ಎಷ್ಟಿಲ್ಲ ಅಲ್ವಾ?