ಕೈ ಮುಗಿದ ಇಮೋಜಿ ಕಳಿಸಿ ಮರೆತುಬಿಟ್ಟೆ

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಕಾಕು, ಅಂದ್ರೆ ಚಿಕ್ಕಮ್ಮ, ಒಂದು ಮೆಸೇಜ್ ಹಾಕಿದ್ರು, ಕಾಕಾಗೆ ಇನ್ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಅಂತ ಡಾಕ್ಟರ್ ಹೇಳಿದ್ದಾರೆ, ಎಲ್ಲಾರೂ ಪ್ರಾರ್ಥನೇಲಿ ನೆನೆಸ್ಕೊಳ್ರಿ ಅಂತ. ನಾನಾಗ ಬೆಂಗಳೂರಿನ ಸಿಲ್ಕ್ ಬೋರ್ಡ್ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದ್ದ ಬಸ್ಸಲ್ಲಿ ನಿಂತಿದ್ದೆ, ಒಂದು ಕೈಲಿ ಮೇಲಿನ ಕಂಬಿ, ಇನ್ನೊಂದು ಕೈಲಿ ಫೋನು. "ಖಂಡಿತ ಪ್ರಾರ್ಥನೆ ಮಾಡ್ತೀನಿ ಕಾಕು" ಅಂತ ಟೈಪ್ ಮಾಡಿ ಮೂರು ಕೈ ಮುಗಿದ ಇಮೋಜಿ ಒತ್ತಿ ಕಳಿಸಿದೆ, ಅದರ ಕೆಳಗೇ ಇನ್ಯಾರೋ ಹಾಕಿದ್ದ ಬರ್ತ್‌ಡೇ ಕೇಕ್ ಫೋಟೋಗೆ ಹಾರ್ಟ್ ಒತ್ತಿದೆ, ಫೋನ್ ಜೇಬಿಗೆ ಹಾಕ್ಕೊಂಡೆ. ಪ್ರಾರ್ಥನೆ ಮಾಡ್ಲಿಲ್ಲ. ಆವತ್ತೂ ಇಲ್ಲ, ಮಾರನೇ ದಿನಾನೂ ಇಲ್ಲ.

ಹದಿನೈದು ದಿನ ಆದ್ಮೇಲೆ ಕಾಕು ಫೋನು. "ನೀವೆಲ್ಲಾ ಪ್ರಾರ್ಥನಾ ಮಾಡಾಕತ್ತೀರಲ್ಲ, ಅದಕ್ಕ ನೋಡಪಾ ಈ ವಾರ ನಿಮ್ಮ ಕಾಕಾ ಸ್ವಲ್ಪ ಧೈರ್ಯದಾಗ ಅದಾರ" ಅಂದ್ರು. ನಾನು "ಹೂಂ ಕಾಕು" ಅಂದೆ. ಅಂದ್ರೆ ಎರಡನೇ ಸಲ ಸುಳ್ಳು ಹೇಳ್ದೆ, ಈ ಸಲ ಇಮೋಜಿನೂ ಇಲ್ಲದೆ.

ಅವತ್ತಿಂದ ಇದು ತಲೇಲಿ ಕೊರೀತಾನೇ ಇದೆ. ಪ್ರಾರ್ಥನೆ ಯಾಕೆ ಮುಖ್ಯ ಅಂತ ಚರ್ಚಲ್ಲಿ ಚಿಕ್ಕವರಿದ್ದಾಗಿಂದ ಕೇಳಿದ್ದೀವಿ, ಪ್ರಾರ್ಥನೆ ಆತ್ಮದ ಉಸಿರು, ದೇವರ ಜೊತೆ ಮಾತು, ಸೈತಾನನ ವಿರುದ್ಧ ಆಯುಧ, ಎಲ್ಲಾ ಸರಿನೇ. ಆದ್ರೆ ನಾನು ನಿಜವಾಗ್ಲೂ ಪ್ರಾರ್ಥನೆ ಅಂದ್ರೇನು ಅಂತ ನೋಡಿದ್ದು ಪಾದ್ರಿಗಳ ಪ್ರಸಂಗದಲ್ಲಲ್ಲ, ಗದಗ ಪಕ್ಕದ ಬೆಟಗೇರಿಯ ನಮ್ಮ ಹಳೇ ಮನೆ ನಡುಮನೇಲಿ, ನಮ್ಮ ಆಯಿ, ಅಂದ್ರೆ ಅಜ್ಜಿ ಹತ್ರ.

ನಮ್ಮ ಕಡೆ ಪ್ರಾಟೆಸ್ಟೆಂಟ್ ಕ್ರೈಸ್ತರಲ್ಲಿ ಹೆಚ್ಚಿನವರಿಗೆ ಬಾಸೆಲ್ ಮಿಶನ್ನೇ ಮೂಲ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಶನರಿ ಸಂಸ್ಥೆ ಅದು, ಬಂದವರಲ್ಲಿ ಜರ್ಮನ್ನರೇ ಜಾಸ್ತಿ. ಅವರು 1834ರಲ್ಲಿ ಮಂಗಳೂರಿಗೆ ಬಂದು, 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ ಅಂತ ಒಂದೊಂದೇ ಊರು ಹಿಡ್ಕೊಂಡು ಬಂದ್ರು, ಅವರು ಕಟ್ಟಿದ ಆಸ್ಪತ್ರೇನ ನಮ್ಮೂರಲ್ಲಿ ಈಗಲೂ ಜರ್ಮನ್ ದವಾಖಾನಿ ಅಂತಾನೇ ಕರೀತಾರೆ. ಅವರ ಕಾಲದಿಂದ ಮನೇಲಿ ಉಳ್ಕೊಂಡು ಬಂದ ರೂಢಿ ಅಂದ್ರೆ ಸಂಜೆ ಕುಟುಂಬ ಪ್ರಾರ್ಥನೆ. ಊಟಕ್ಕೆ ಮುಂಚೆ. ಮೊದಲು ಒಂದು ಹಾಡು, ಆಮೇಲೆ ಸತ್ಯವೇದದಿಂದ, ಅಂದ್ರೆ ಬೈಬಲ್ಲಿಂದ ಒಂದು ಅಧ್ಯಾಯ, ಆಮೇಲೆ ಆಯಿ ಪ್ರಾರ್ಥನೆ. ಒಲೆ ಮೇಲಿಂದ ಸಾರಿನ ವಾಸನೆ ಬರ್ತಿರೋದು, ನಮಗೆ ಹೊಟ್ಟೆ ಚುರುಚುರು, ಆಯಿ ಮಾತ್ರ ಸೆರಗು ತಲೆ ಮೇಲೆ ಎಳ್ಕೊಂಡು ಮೊಣಕಾಲೂರಿ ಒಂದು ಕೈ ಮಂಚದ ಅಂಚಿಗೆ ಆನಿಸಿ ಶುರು ಮಾಡಿದ್ರೆ ಊರೆಲ್ಲಾ ಸುತ್ತಿಕೊಂಡೇ ಬರೋರು.

ಊರೆಲ್ಲಾ ಅಂದ್ರೆ ನಿಜವಾಗ್ಲೂ ಊರೆಲ್ಲಾ. ಆಯಿ ಪ್ರಾರ್ಥನೆಗೆ ಒಂದು ರೂಟ್ ಇತ್ತು! ಎಡಗಡೆ ಮನೆಯಿಂದ ಶುರು, ಅಲ್ಲಿ ಮಗಳ ಮದುವೆ ಕೂಡಿ ಬರ್ತಿಲ್ಲ. ಅದರಾಚೆ ನೇಕಾರರ ಮನೆ, ಮಗ್ಗ ನಿಂತು ತಿಂಗಳಾಯ್ತು. ಮೂಲೆ ಕಿರಾಣಿ ಅಂಗಡಿ, ಅವನ ಹೆಂಡತಿಗೆ ಮಂಡಿ ನೋವು. ಹಾಲು ಹಾಕೋನ ಎಮ್ಮಿ ಈಯೋದಕ್ಕಿದೆ, ಸುಸೂತ್ರ ಆಗ್ಲಿ. ಇವರಲ್ಲಿ ಮುಕ್ಕಾಲು ಪಾಲು ಜನ ಕ್ರೈಸ್ತರೇ ಅಲ್ಲ, ತಮ್ಮ ಹೆಸರಲ್ಲಿ ದಿನಾ ಪ್ರಾರ್ಥನೆ ನಡೀತಿದೆ ಅಂತ ಅವರಿಗೆ ಗೊತ್ತೂ ಇರ್ಲಿಲ್ಲ. ಕೊನೆಗೆ ಬೀದಿ ಸುತ್ತು ಹೊಡೆದು ನಮ್ಮ ಮನೆ ಬಾಗಿಲಿಗೆ ಬರೋ ಹೊತ್ತಿಗೆ ನಾವು ಒಬ್ಬರ ಮೇಲೊಬ್ಬರು ತೂಕಡಿಸ್ತಿದ್ವಿ. ಎಮ್ಮಿ ಈದ ದಿನ ಹಾಲಿನಾತ ಗಿಣ್ಣದ ಹಾಲು ತಂದುಕೊಟ್ಟ, ಆಯಿ ತಗೊಂಡು ಏನೂ ಹೇಳದೆ ಒಳಗೆ ಹೋದ್ರು. ಆವತ್ತು ಸಂಜೆ ಪ್ರಾರ್ಥನೇಲಿ ಎಮ್ಮಿ ವಿಷಯಕ್ಕೆ ಸ್ತೋತ್ರ ಹೇಳಿ, ಕರುವಿನ ವಿಷಯ ಶುರು ಮಾಡಿದ್ರು.

ಇನ್ನೊಂದು ನೆನಪು. ನಾವು ದೇವರಿಗೆ "ನೀನು, ನಿನ್ನ" ಅಂತೀವಿ, ಸ್ಕೂಲಲ್ಲಿ ನನ್ನ ಪಕ್ಕ ಕೂತ್ಕೊಳ್ತಿದ್ದ ಕ್ಯಾಥೋಲಿಕ್ ಹುಡುಗ ಅದೇ ಕರ್ತನ ಪ್ರಾರ್ಥನೇಲಿ, ಯೇಸು ಕಲಿಸಿಕೊಟ್ಟ ಪ್ರಾರ್ಥನೇಲಿ, "ನಿಮ್ಮ" ಅಂತಿದ್ದ. ನಂಗೆ ಭಾರೀ ಡೌಟು, ಹೆಡ್‌ಮಾಸ್ತರಿಗೆ ನೀವು ಅಂದು ದೇವರಿಗೆ ನೀನು ಅನ್ನೋದಾ ಅಂತ. ಆಯಿನ ಕೇಳಿದ್ದಕ್ಕೆ "ಅವ್ವಗ ಯಾರರ ನೀವು ಅಂತಾರೇನೋ ಹುಚ್ಚಪ್ಪ" ಅಂದ್ರು. ಅವನ ಮನೇಲಿ ಅವ್ವಂಗೂ ನೀವು ಅಂತಿದ್ರೇನೋ ಯಾರಿಗ್ಗೊತ್ತು.

ಈಗ ಆ ಕರ್ತನ ಪ್ರಾರ್ಥನೇನೇ ತಗೊಳ್ಳಿ. ಬೈಬಲ್ಲಿನ ಮತ್ತಾಯ ಸುವಾರ್ತೆ 6ನೇ ಅಧ್ಯಾಯದಲ್ಲಿ ಯೇಸು ಮೊದಲು ಹೇಳೋದು, ಬೀದಿ ಮೂಲೇಲಿ ನಿಂತು ಜನಕ್ಕೆ ಕಾಣೋ ಹಾಗೆ ಪ್ರಾರ್ಥನೆ ಮಾಡ್ಬೇಡಿ, ಕೋಣೆ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ ಅಂತ. ಸರಿ, ಒಬ್ಬನೇ ಒಳಗೆ ಹೋದೆ, ಬಾಗಿಲು ಹಾಕ್ಕೊಂಡೆ, ಈಗ ಏನು ಹೇಳ್ಬೇಕು? "ಪರಲೋಕದಲ್ಲಿರುವ ನಮ್ಮ ತಂದೆಯೇ." ನಮ್ಮ! ಕೋಣೇಲಿ ಇರೋನು ನಾನೊಬ್ಬನೇ, ಬಾಯಲ್ಲಿ ಬರೋದು ಮಾತ್ರ ನಮ್ಮ. ಪೂರ್ತಿ ಪ್ರಾರ್ಥನೆ ಹುಡುಕಿ ನೋಡಿ, ನಾನು ನನ್ನ ನನಗೆ ಅನ್ನೋದು ಒಂದು ಕಡೆನೂ ಇಲ್ಲ, ನಮ್ಮ ಅನುದಿನದ ಆಹಾರ, ನಮ್ಮ ತಪ್ಪುಗಳು, ನಮ್ಮನ್ನು ತಪ್ಪಿಸು, ಹೀಗೇ. ಎಷ್ಟು ಸಾವಿರ ಸಲ ಹೇಳಿದ್ದೀನೋ ಲೆಕ್ಕ ಇಲ್ಲ, ಕಾಕು ಫೋನ್ ಬಂದ ರಾತ್ರಿ ಹೇಳುವಾಗ್ಲೇ ಮೊದಲನೇ ಸಲ ಇದು ಗಂಟಲಲ್ಲಿ ಸಿಕ್ಕಾಕೊಂಡಿದ್ದು. ಆಯಿ ಬೀದಿ ಸುತ್ತು ಹೊಡೀತಿದ್ದದ್ದು ಯಾಕೆ ಅಂತ ಆಗ ಹೊಳೀತು, ಆಕೆ "ನಮ್ಮ" ಅನ್ನೋ ಒಂದು ಶಬ್ದಾನೇ ಮನೆಮನೆಗೂ ಬಿಡಿಸಿ ಹೇಳ್ತಿದ್ರು ಅಷ್ಟೇ.

ಇನ್ನು, ಪ್ರಾರ್ಥನೆ ಮಾಡಿದ್ರೆ ಕೇಳಿದ್ದು ಸಿಗುತ್ತಾ? ಇದನ್ನ ಬರೀದೆ ಬಿಟ್ರೆ ಮೋಸ ಆಗುತ್ತೆ. ಕಾಕಾ ಮನೆಗೆ ಪ್ರೇಯರ್‌ಗೆ ಅಂತ ಬಂದಿದ್ದ ಒಬ್ಬರು ಮುಕ್ಕಾಲು ಗಂಟೆ ಜೋರಾಗಿ ಪ್ರಾರ್ಥನೆ ಮಾಡಿ, ಹೋಗುವಾಗ ಚಪ್ಪಲಿ ಹಾಕ್ಕೊಳ್ತಾ "ವಿಶ್ವಾಸ ಇನ್ನೂ ಗಟ್ಟಿ ಆಗ್ಬೇಕ್ರಿ, ಅದಕ್ಕ ಗುಣ ಆಗ್ತಿಲ್ಲ" ಅಂದು ಹೋದ್ರಂತೆ. ನನಗಿನ್ನೂ ಸಿಟ್ಟು ಇಳಿದಿಲ್ಲ. ಹಂಗಾದ್ರೆ ಅಪೊಸ್ತಲ ಪೌಲನಿಗೆ ವಿಶ್ವಾಸ ಕಡಿಮೆ ಇತ್ತಾ? ಶರೀರದಲ್ಲಿ ನಾಟಿರೋ ಮುಳ್ಳು ತೆಗಿ ಅಂತ ಅವನು ಮೂರು ಸಲ ಬೇಡ್ಕೊಂಡ, ಮುಳ್ಳು ಹೋಗ್ಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನೋ ಉತ್ತರ ಬಂತು. ಅಷ್ಟೇ ಯಾಕೆ, ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ, ಅಂದ್ರೆ ಮುಂದಿರೋ ಸಂಕಟ, ನನ್ನಿಂದ ತೊಲಗಲಿ ಅಂತ ಯೇಸುವೇ ಕೇಳಿದ್ದು, ಪಾತ್ರೆ ತೊಲಗಲಿಲ್ಲ.

ಗೆತ್ಸೇಮನೆ ಭಾಗ ಓದಿದಾಗೆಲ್ಲ ನನ್ನ ಕಣ್ಣು ಈಗ ಶಿಷ್ಯರ ಕಡೆಗೇ ಹೋಗುತ್ತೆ. ಯೇಸು ಪೇತ್ರ ಯಾಕೋಬ ಯೋಹಾನ ಮೂರು ಜನಾನ ಪಕ್ಕಕ್ಕೆ ಕರ್ಕೊಂಡು ಹೋಗಿ, ಸಾಯುವಷ್ಟು ದುಃಖ ಆಗಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಅಂತಾನೆ. ಅದೂ ಒಂದು ಪ್ರೇಯರ್ ರಿಕ್ವೆಸ್ಟೇ. ಮೂರು ಸಲ ಬಂದು ನೋಡ್ತಾನೆ, ಮೂರು ಸಲಾನೂ ಮಲಗಿದ್ದಾರೆ, ಏನು ಉತ್ತರ ಕೊಡ್ಬೇಕು ಅಂತ ಅವರಿಗೆ ತಿಳೀಲಿಲ್ಲ ಅಂತ ಸುವಾರ್ತೆಯಲ್ಲಿ ಮಾರ್ಕ ಬರೆದಿದ್ದಾನೆ. ತಿಳಿಯೋದಾದ್ರೂ ಹೇಗೆ ಪಾಪ. ನಾನು "ಹೂಂ ಕಾಕು" ಅಂದೆ.

ಕ್ರಿಸ್ಮಸ್‌ಗೆ ಊರಿಗೆ ಹೋದಾಗ ಕಾಕು ಅಡುಗೆ ಮನೇಲಿ ಕರ್ಚಿಕಾಯಿ ಕರೀತಿದ್ರು, ನಾನು ಪಕ್ಕದಲ್ಲಿ ನಿಂತು ಹೇಳ್ಬಿಟ್ಟೆ, ಕಾಕು ಆವಾಗ ನಾನು ಪ್ರಾರ್ಥನೆ ಮಾಡಿರ್ಲಿಲ್ಲ, ಸುಮ್ನೆ ಮೆಸೇಜ್ ಹಾಕಿದ್ದೆ ಅಂತ. ಅವರು ಜಾಲಿ ಸೌಟಲ್ಲಿ ತಿರುವಿ ಹಾಕ್ತಾ ನನ್ನ ಮುಖಾನೂ ನೋಡ್ಲಿಲ್ಲ. "ಇರ್ಲಿ ಬಿಡು. ಮಂಗಳವಾರ, ಗುರುವಾರ, ಶನಿವಾರ. ಮುಂಜಾನೆ ಆರೂವರಿಗೆ ಸೂಜಿ ಚುಚ್ತಾರ, ಅವಾಗ ಅವರಿಗೆ ಭಾಳ ಅಂಜಿಕಿ ಆಗ್ತದ. ಆ ಹೊತ್ತಿಗೆ ಮಾಡು" ಅಂದ್ರು. ಟೈಮ್ ಟೇಬಲ್ ಕೊಟ್ಟ ಹಾಗೆ.

ಈಗ ಗ್ರೂಪಲ್ಲಿ ಯಾರಾದ್ರೂ ಕೇಳಿದ್ರೆ ಮೊದಲು ಪ್ರಾರ್ಥನೆ, ಆಮೇಲೆ ರಿಪ್ಲೈ, ಬಸ್ಸಲ್ಲಾದ್ರೂ ಸರಿ. ಕಣ್ಣು ಮುಚ್ಚಿದ್ರೆ ಸ್ಟಾಪ್ ತಪ್ಪುತ್ತೆ, ಅದಕ್ಕೆ ಕಣ್ಣು ಬಿಟ್ಕೊಂಡೇ. ತುಟಿ ಅಲ್ಲಾಡೋದು ನೋಡಿ ಪಕ್ಕದೋರು ಒಂದು ಥರಾ ನೋಡ್ತಾರೆ, ಬೈಬಲ್ಲಲ್ಲಿ ಮಗುವಿಗಾಗಿ ಸದ್ದಿಲ್ಲದೆ ಪ್ರಾರ್ಥನೆ ಮಾಡ್ತಿದ್ದ ಹನ್ನಳ ತುಟಿ ನೋಡಿ ಏಲಿ ಯಾಜಕನೇ ಕುಡಿದಿದ್ದಾಳೆ ಅಂದ್ಕೊಂಡಿದ್ದ, ಇವರದ್ದೇನು ಬಿಡಿ. ಮಂಗಳವಾರ ಗುರುವಾರ ಶನಿವಾರ ಆರೂವರೆಗೆ ನಾನು ಹಾಲು ಕಾಯಿಸ್ತಿರ್ತೀನಿ, ಸ್ಟವ್ ಮುಂದೇನೇ ನಿಂತು ಕಾಕಾನ ಎಡಗೈ, ಸೂಜಿ, ಸಿಸ್ಟರ್ ಕೈ ನಡುಗದೇ ಇರ್ಲಿ ಅಂತ, ಆಮೇಲೆ ಪಕ್ಕದ ಬೆಡ್ ಮೇಲಿರೋ ಮನುಷ್ಯ, ಕಾಕಾ ಹೇಳಿದ್ರು ಅವನ ಜೊತೆ ಬರೋಕೆ ಯಾರೂ ಇಲ್ಲ ಅಂತ, ಅವನೂ. ಈ ತಿಂಗಳು ಎರಡು ಸಲ ಹಾಲು ಉಕ್ಕಿ ಸ್ಟವ್ ತುಂಬಾ ಹರೀತು, ಹೆಂಡತಿ ಬಟ್ಟೆ ಹಿಡ್ಕೊಂಡು ಬಂದು, ಗ್ಯಾಸ್ ಸಣ್ಣ ಮಾಡಿ ಪ್ರಾರ್ಥನೆ ಮಾಡಿ ಮಾರಾಯ್ರೆ ಅಂದ್ಲು.